ಜೀವಕ್ಕ ಹಚ್ಕೊಂಡ ಪಾತ್ರ ಸತ್ತ ರಾತ್ರಿ ಏನ್ ಮಾಡ್ಬೇಕು

ಮೊದಲೇ ಹೇಳಿಬಿಡ್ತೀನಿ, ಗೇಮ್ ಆಫ್ ಥ್ರೋನ್ಸ್ ಅನ್ನೋ ಇಂಗ್ಲಿಷ್ ಸಿರೀಸಿನ ಮೂರನೇ ಸೀಸನ್ ಯಾರು ಇನ್ನೂ ನೋಡಿಲ್ಲ ಅವ್ರು ಇದನ್ನ ಇಲ್ಲೇ ಬಿಟ್ಟು ನೋಡಿ ಮುಗಿಸಿ ಬರ್ರಿ, ಯಾಕಂದ್ರ ಮುಂದ ಒಂಬತ್ತನೇ ಎಪಿಸೋಡಿಂದು ಎಲ್ಲಾ ಬಿಚ್ಚಿ ಹೇಳೋದದ. ನೋಡಿದವ್ರಿಗೆ ರೆಡ್ ವೆಡ್ಡಿಂಗ್ ಅಂದ್ರ ಸಾಕು, ಎದಿ ಝಲ್ ಅಂತದ, ಮದವಿ ಊಟಕ್ಕ ಕರದು ರಾಬ್ ಸ್ಟಾರ್ಕ್ ಅನ್ನೋ ಹುಡುಗ ರಾಜನ್ನೂ ಅಂವನ ಅವ್ವ ಕ್ಯಾಟ್ಲಿನ್‌ನೂ ಕೊಂದುಹಾಕೋ ಸೀನದು. 2013ರ ಜೂನ್ 2ಕ್ಕ ಬಂದ ಎಪಿಸೋಡ್ ಅದು, ಆದ್ರ ಇವತ್ತಿಗೂ ಹೊಸದಾಗಿ ನೋಡೋ ಹುಡುಗ್ರು ರಾತ್ರಿ ಹನ್ನೊಂದಕ್ಕ ಫೋನ್ ಹಚ್ಚಿ ಒಂದು ಮಾತೂ ಆಡ್ಲಾರದ ಸುಮ್ಕ ಕೂಡ್ತಾರ. ಹಂಗ ಫೋನ್ ಹಚ್ಚಿದವ್ರಿಗೆ ನಾ ಏನೇನ್ ಹೇಳ್ತೀನಿ ಅದನ್ನೇ ಇಲ್ಲಿ ಬರದೀನಿ. ಕೊರಿಯನ್ ಡ್ರಾಮಾ ಇರ್ಲಿ, ಸಂಜಿ ಅವ್ವ ನೋಡೋ ಧಾರಾವಾಹಿ ಇರ್ಲಿ, ಎಲ್ಲಾದಕ್ಕೂ ನಡೀತದ.

ಮೊದಲು ಟೈಮಿನ ಮಾತು. ದೊಡ್ಡ ಎಪಿಸೋಡ್ ಬರ್ಲಾಕತ್ತದ ಅಂತ ಸುಳಿವಿದ್ರ ಅದನ್ನ ರಾತ್ರಿ ಊಟಾದಮ್ಯಾಲ ಒಬ್ರೇ ಕುಂತು ನೋಡ್ಬ್ಯಾಡ್ರಿ (ಈ ಸಿರೀಸಿನಾಗ ಕಡೀದಕ್ಕಿಂತ ಅದರ ಹಿಂದಿನದಕ್ಕೇ ಅಂಜ್ಬೇಕು, ಮೊದಲ ಸೀಸನ್ನಿನಾಗ ರಾಬ್‌ನ ಅಪ್ಪ ನೆಡ್ ಸ್ಟಾರ್ಕ್‌ನ ತಲಿ ಹೋಗಿದ್ದೂ ಒಂಬತ್ತನೇದ್ರಾಗೇ). ಸಂಜಿ ಮುಂದ ನೋಡ್ರಿ, ಮುಗಿದಮ್ಯಾಲ ಮಾತಾಡ್ಲಾಕ ಮಂದಿ ಎಚ್ಚರ ಇರ್ಬೇಕು, ಹೊರಗ ಹೋಗ್ಲಾಕ ಅಂಗಡಿ ತೆರದಿರ್ಬೇಕು. ನಮ್ಮ ಕಲಬುರಗಿ ಬ್ಯಾಸಿಗ್ಯಾಗ ಐದಕ್ಕೂ ಹೊರಗ ಕಾಲಿಡ್ಲಾಕ ಆಗಂಗಿಲ್ಲ, ಆಗ ಆರಕ್ಕ ಶುರು ಮಾಡ್ರಿ. ಮೊದಲು ಏನರೆ ತಿಂದು ಕೂಡ್ರಿ, ಯಾಕಂದ್ರ ಆಮ್ಯಾಲ ರೊಟ್ಟಿ ಗಂಟಲದಾಗ ಇಳ್ಯಂಗಿಲ್ಲ. ಎಪಿಸೋಡ್ ಡೌನ್‌ಲೋಡ್ ಮಾಡಿ ಇಟ್ಕೋರಿ, ಸರಿಯಾಗಿ ಆ ಹೊತ್ತಿಗೇ ಕರೆಂಟ್ ಹೋಗಿ ವೈಫೈ ಬಂದ್ ಆದ್ರ ಅರ್ಧಕ್ಕ ಸಿಕ್ಕೊಂಡ ಸಂಕಟ ಇನ್ನೂ ಕೆಟ್ಟದ್ದು.

ವಾರಕ್ಕೊಂದು ಬರೋ ಸಿರೀಸಿನ ಲೆಕ್ಕ ಬ್ಯಾರೆ. ಅಮೆರಿಕಾದಾಗ ಆದಿತ್ಯವಾರ ರಾತ್ರಿ 9ಕ್ಕ ಬಿಟ್ಟಿದ್ದು ಬ್ಯಾಸಿಗಿ ಟೈಮಿನಾಗ ನಮಗ ಸೋಮವಾರ ಮುಂಜಾನಿ 6:30ಕ್ಕ ಆಗ್ತದ, ನೋಡಿ ಎದ್ದು ಹತ್ತಕ್ಕ ಆಫೀಸಿಗೆ ಹೋಗ್ಬೇಕು. ಆಗೋ ಮಾತಲ್ಲ ಅನಿಸಿದ್ರ ಸಂಜಿತನಕ ಕಾಯ್ರಿ, ಆದ್ರ ಆ ಹನ್ನೆರಡು ತಾಸು ಫೋನ್ ಸಂಭಾಳಿಸ್ಬೇಕು. ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕ್ರಿ, ಇನ್‌ಸ್ಟಾಗ್ರಾಮ್ ತೆರೀಲೇಬ್ಯಾಡ್ರಿ, ಯೂಟ್ಯೂಬಂತೂ ದೂರ ಇಡ್ರಿ, ಅಲ್ಲಿ ವೀಡಿಯೋ ಒತ್ತೋದೂ ಬ್ಯಾಡ, ಥಂಬ್‌ನೇಲ್‌ನಾಗೇ ಸತ್ತವ್ರ ಮುಖ ಹಾಕಿ ಕೆಂಪು ಗೆರಿ ಎಳದಿರ್ತಾರ. ಸ್ಪಾಯ್ಲರ್ ಹೇಳಿಬಿಡೋ ಗೆಳ್ಯಾ ಇದ್ರ ಅಂವಗ ಹಿಂದಿನ ರಾತ್ರೇ ಖಡಕ್ಕಾಗಿ ಹೇಳಿಬಿಡ್ರಿ.

ಇನ್ನ ಆ ಹೊತ್ತಿನ ಮಾತು, ಇದೇ ಮುಖ್ಯ. ಆ್ಯಪಿನ ಸೆಟ್ಟಿಂಗ್‌ನಾಗ ಆಟೋಪ್ಲೇ ಮೊದಲೇ ಆಫ್ ಮಾಡಿಟ್ಟಿರ್ರಿ. ಎಪಿಸೋಡ್ ಮುಗೀತು ಅಂದ್ರ ಹತ್ತು ಸೆಕೆಂಡಿಗೆ ಮುಂದಿಂದು ತಾನೇ ಶುರು ಆಗ್ತದ, ನಿಮಗ ಅಳ್ಲಾಕೂ ಬಿಡಂಗಿಲ್ಲ, ಉಸಿರು ತಗೊಳ್ಲಾಕೂ ಬಿಡಂಗಿಲ್ಲ. ರೆಡ್ ವೆಡ್ಡಿಂಗ್ ಎಪಿಸೋಡ್ ಮಾಡಿದವ್ರಿಗೆ ಇದು ಗೊತ್ತಿತ್ತು ಅನಿಸ್ತದ, ಅದರ ಕಡೀಗೆ ಹೆಸರು ಬರುವಾಗ ಮ್ಯೂಸಿಕ್ಕೇ ಇಲ್ಲ, ಪೂರಾ ಸೈಲೆಂಟ್. ಆ ಹೆಸರು ಮುಗಿಯೋತನಕ ಏಳ್ಬ್ಯಾಡ್ರಿ, ಸ್ಕಿಪ್ ಒತ್ತಬ್ಯಾಡ್ರಿ.

ನನ್ನ ಗೆಳತಿ ಒಬ್ಬಾಕಿ ಸೇಡಂ ರೋಡಿನ ಕಡೆ ರೂಮ್ ಮಾಡ್ಕೊಂಡಿದ್ಳು, ಅಕಿ ನೋಡುವಾಗ ನಾನೂ ಬಾಜೂಕ ಕುಂತಿದ್ದೆ, ಮುಂದ ಏನಾಗ್ತದ ನನಗ ಗೊತ್ತು, ಅಕಿಗೆ ಗೊತ್ತಿಲ್ಲ. ಬಾಗ್ಲಾ ಮುಚ್ಚಿ ಮ್ಯಾಲಿನ ಅಟ್ಟದ ಮ್ಯಾಲ ಕುಂತ ವಾದ್ಯದವ್ರು ವೈರಿ ಮನೆತನದ ಆ ಲ್ಯಾನಿಸ್ಟರ್ ಹಾಡು ಶುರು ಮಾಡ್ತಾರಲ್ಲ, ಅಲ್ಲಿತನಕ ಅಕಿ ನಕ್ಕೋತ ಇದ್ಳು. ಕ್ಯಾಟ್ಲಿನ್ ಕೈ ಚಾಚಿ ತಮ್ಮ ಕಡಿಯ ಸರದಾರ ರೂಸ್ ಬೋಲ್ಟನ್‌ನ ಅಂಗಿ ತೋಳು ಸರಿಸ್ತಾಳ, ಅರಿವಿ ಕೆಳಗ ಕಬ್ಬಿಣದ ಜಾಳಗಿ ಕವಚ ಕಾಣ್ತದ, ಅಷ್ಟೇ, ಗೆಳತಿ ಕೈಯಾನ ಚಹಾದ ಕಪ್ಪು ಅಲ್ಲೇ ನಿಂತ್ತು. ಮುಗಿದು ಎಷ್ಟೋ ಹೊತ್ತಾದಮ್ಯಾಲ, ಕೂಲರ್ ಒಂದೇ ಸಪ್ಪಳ ಮಾಡ್ಲಾಕತ್ತಿತ್ತು, ಚಹಾದ ಮ್ಯಾಲ ಕೆನಿ ಕಟ್ಟಿತ್ತು, ಅಕಿ ಒಂದೇ ಮಾತು ಅಂದ್ಳು: "ಅಕಿಗೆ ಮೊದಲೇ ತಿಳದಿತ್ತಲ್ಲ, ಆದ್ರೂ ಮಗನ್ನ ಉಳಿಸ್ಕೊಳ್ಲಾಕ ಆಗಲಿಲ್ಲಲ್ಲ." ನಾ ಏನೂ ಅನಲಿಲ್ಲ. ನೀವೂ ಬಾಜೂಕ ಕುಂತವ್ರಾದ್ರ ಏನೂ ಅನಬ್ಯಾಡ್ರಿ, "ಮುಂದ ಇನ್ನೂ ಅದ ನೋಡು" ಅಂತ ಅಂತೂ ಅನ್ಲೇಬ್ಯಾಡ್ರಿ, ನೀರು ತಂದು ಕೊಡ್ರಿ ಸಾಕು.

ಅಳು ಬಂದ್ರ ಅಳ್ರಿ. ಮನ್ಯಾಗ ಯಾರರೆ "ನಾಟಕಕ್ಕ ಅಳ್ತಾರೇನು" ಅಂತ ಅಂದೇ ಅಂತಾರ. ಅವ್ರ ಜೋಡಿ ಜಗಳ ಬ್ಯಾಡ, ಆದ್ರ ನಾಚಿಕೀನೂ ಬ್ಯಾಡ. ನಮ್ಮ ಕಡೆ ಹಳ್ಳ್ಯಾಗ ಬಯಲಾಟದಾಗ ಅಭಿಮನ್ಯು ಚಕ್ರವ್ಯೂಹದಾಗ ಬೀಳುವಾಗ ಅಜ್ಜಿಗೋಳು ಸೆರಗು ಬಾಯಿಗಿಟ್ಕೊಂಡು ಅತ್ತಿಲ್ಲೇನು, ಪ್ರತಿ ಸಲ ಅಂವ ಸಾಯ್ತಾನಂತ ಗೊತ್ತಿದ್ರೂ ಅತ್ತಾರ. ಹಿಂದಿ ಸೀರಿಯಲ್ ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿದಾಗ ಮಿಹಿರ್ ಸತ್ತಾಗ ದೇಶದ ಮಂದಿ ಎಷ್ಟು ಸಂಕಟಪಟ್ರಂದ್ರ ಅಂವನ್ನ ಕತಿಯಾಗ ವಾಪಸ್ ತರಬೇಕಾತು. ದಿನಾ ಮನಿಗೆ ಬಂದು ಹೋದಂಗ ಕಂಡ ಮುಖ ಅದು, ಅದರ ಮ್ಯಾಲ ಜೀವ ಬೆಳೆಯೋದು ಹುಚ್ಚಲ್ಲ. 1956ರಾಗೇ ಹಾರ್ಟನ್ ಮತ್ತ ವೋಲ್ ಅನ್ನೋ ಇಬ್ರು ಟಿವಿ ನೋಡೋರಿಗೂ ಪರದೆ ಮ್ಯಾಲಿನವ್ರಿಗೂ ಹುಟ್ಟೋ ಈ ಒಂದೇ ಕಡಿ ನಂಟಿನ ಬಗ್ಗೆ ಬರದಾರ, ಅದಕ್ಕ ಪ್ಯಾರಾಸೋಶಿಯಲ್ ಅಂತಾರ. ನಿಮಗ ಅಂವ ಗೊತ್ತು, ಅಂವಗ ನೀವು ಗೊತ್ತಿಲ್ಲ, ಆದ್ರ ನಿಮ್ಮ ಕಡಿ ಪ್ರೀತಿ ಖರೇನೇ, ಅದಕ್ಕೇ ದುಃಖಾನೂ ಖರೇನೇ.

ಆ ರಾತ್ರಿ ಮಾತ್ರ ಪೋಸ್ಟ್ ಹಾಕ್ಬ್ಯಾಡ್ರಿ, ಸಿಟ್ಟಿನಾಗ ಏನೇನೋ ಬರೀತೀವಿ, ಮತ್ತ ಇನ್ನೂ ನೋಡದವ್ರಿಗೆ ಎಲ್ಲಾ ಗೊತ್ತಾಗಿಬಿಡ್ತದ. ಖಳನಾಯಕನ ಪಾರ್ಟ್ ಮಾಡಿದ ನಟ ನಟಿ ಪೇಜಿಗೆ ಹೋಗಿ ಬೈಯೋದಂತೂ ಭಾಳ ಕೆಟ್ಟ ಕೆಲಸ, ಅವ್ರು ಚಂದ ಮಾಡ್ಯಾರ ಅಂತಲೇ ನಿಮ್ಮ ಹೊಟ್ಟಿ ಉರದದ. ಬರೀಬೇಕು ಅನಿಸಿದ್ರ ನಿಮ್ಮ ನೋಟ್‌ಬುಕ್ಕಿನಾಗ ಬರೀರಿ, ಸತ್ತ ಪಾತ್ರಕ್ಕೇ ಒಂದು ಪತ್ರ ಬರೀರಿ, ಯಾವ ಸೀನಿನಾಗ ಅಂವ ನಿಮಗ ಸೇರಿದ, ಯಾಕ ಸೇರಿದ ಅಂತ. ಇಲ್ಲಾ ಅಂದ್ರ ನೋಡಿದವ್ರು ಒಬ್ರಿಗೆ ಫೋನ್ ಹಚ್ಚಿ ಎಲ್ಲಾ ಹೇಳ್ಕೋರಿ, ಟೈಪ್ ಮಾಡೋದಕ್ಕಿಂತ ಬಾಯಿಲೆ ಹೇಳಿದ್ರ ಲಗೂನ ಹಗುರ ಆಗ್ತದ.

ಒಂದೆರಡು ದಿನ ಹೋದಮ್ಯಾಲ ಏನ್ ಮಾಡ್ಬೇಕಂದ್ರ, ಯಾಕ ಇಷ್ಟು ನಟ್ಟಿತು ಅಂತ ಹುಡುಕ್ರಿ. ಅದೇ ಎಪಿಸೋಡ್ ಮತ್ತ ನೋಡ್ರಿ, ಸುಳಿವು ಎಲ್ಲೆಲ್ಲಿ ಇಟ್ಟಾರ ಕಾಣ್ತದ. ಬಂದ ಬೀಗರಿಗೆ ಮೊದಲು ರೊಟ್ಟಿ ಉಪ್ಪು ಕೊಡ್ತಾರ ನೋಡ್ರಿ, ಅದನ್ನ ತಿಂದಮ್ಯಾಲ ಕರದವ್ರು ಕೈ ಎತ್ತೋಹಂಗಿಲ್ಲ ಅನ್ನೋದು ಆ ಕತಿಯೊಳಗಿನ ಕಟ್ಟು. ಉಪ್ಪು ತಿಂದ ಮನಿಗೆ ಎರಡು ಬಗೀಬಾರದು ಅಂತ ಕೇಳ್ಕೋತ ಬೆಳದವ್ರು ನಾವು, ಅಲ್ಲಿ ಉಪ್ಪು ಹಾಕಿದವ್ರೇ ಕೊಯ್ತಾರ, ಅದಕ್ಕೇ ನಮಗ ಅದು ಯುದ್ಧದಾಗ ಸತ್ತದ್ದಕ್ಕಿಂತ ಜಾಸ್ತಿ ಸುಡ್ತದ. ಇದು ಬರೀ ಕಲ್ಪನಾನೂ ಅಲ್ಲ, 1440ರಾಗ ಸ್ಕಾಟ್‌ಲೆಂಡಿನ ಎಡಿನ್‌ಬರೋ ಕೋಟ್ಯಾಗ ಡಗ್ಲಸ್ ಮನೆತನದ ಇಬ್ರು ಹುಡುಗ ಅಣ್ಣತಮ್ಮರನ್ನ ಊಟಕ್ಕ ಕರದು ತಲಿ ಹಾರಿಸಿದ್ರು, ಬ್ಲ್ಯಾಕ್ ಡಿನ್ನರ್ ಅಂತಾರ ಅದಕ್ಕ, ರೆಡ್ ವೆಡ್ಡಿಂಗಿನ ಬೀಜ ಅಲ್ಲಿಂದು.

ಅಷ್ಟು ದೂರ ಯಾಕ ಹೋಗ್ಬೇಕ್ರಿ, ನಮ್ಮ ಊರಾಗೇ ಅದ. 1397ರಾಗ ಇದೇ ಕಲಬುರಗ್ಯಾಗ ಹದಿಹರೆಯದ ಸುಲ್ತಾನ ಗಿಯಾಸುದ್ದೀನ್ ಗದ್ದಿಗಿ ಏರಿ ಎರಡು ತಿಂಗಳೂ ತುಂಬಿರಲಿಲ್ಲ, ತಘಲ್‌ಚಿನ್ ಅನ್ನೋ ತುರ್ಕ ಸರದಾರ ತನ್ನ ಮನಿಗೆ ಔತಣಕ್ಕ ಕರದ, ಅಲ್ಲೇ ಅಂವನ ಕಣ್ಣು ಕೀಳಿಸಿದ, ಆಮ್ಯಾಲ ಹೊರಗಿದ್ದ ದರಬಾರಿನ ಮಂದೀನ ಒಬ್ಬೊಬ್ಬರನ್ನೇ ಒಳಗ ಕರದು ಕೊಂದ ಅಂತ ಹಳೇ ಇತಿಹಾಸಕಾರ ಫೆರಿಶ್ತಾ ಬರದಾನ. ಬಹಮನಿ ಸುಲ್ತಾನರ ಗೋರಿ ಇರೋ ಹಫ್ತ್ ಗುಂಬಜ್ ಬಂದೇನವಾಜ್ ದರ್ಗಾದ ಸನ್ಯಾದಾಗೇ ಅದ, ಗಿಯಾಸುದ್ದೀನನ ಗೋರೀನೂ ಅಲ್ಲೇ. ಆ ಎಪಿಸೋಡ್ ನೋಡಿ ಮನಸ್ಸು ಕೆಟ್ಟವ್ರನ್ನ ನಾ ಅಲ್ಲಿಗೇ ಕರ್ಕೊಂಡು ಹೋಗ್ತೀನಿ, ಇಳಿ ಹೊತ್ತಿಗೆ ಹೋಗ್ರಿ, ಕಲ್ಲು ತಣ್ಣಗಾಗಿರ್ತಾವ, ಒಳಗ ಅಡ್ಡಾಡ್ರಿ, ಆ ಹುಡುಗನ ಕತಿ ಜೋಡಿದವ್ರಿಗೆ ಬಾಯಿಲೆ ಹೇಳ್ರಿ. ಟಿವ್ಯಾನ ದುಃಖಕ್ಕ ಅಲ್ಲಿ ಒಂದು ಜಾಗ ಸಿಗ್ತದ. ಬೀದರ್ ಕಡಿಯವ್ರಾದ್ರ ಮಹಮೂದ್ ಗವಾನ್ ಮದರಸಾಕ್ಕ ಹೋಗ್ರಿ, 1472ರಾಗ ಅದನ್ನ ಕಟ್ಟಿಸಿದ ವಜೀರನ್ನ 1481ರಾಗ ಒಂದು ಸುಳ್ಳು ಪತ್ರದ ಮ್ಯಾಲ ಅಂವನ ಸುಲ್ತಾನನೇ ಕೊಲ್ಲಿಸಿದ, ಸುಲ್ತಾನಗ ಖರೇ ತಿಳಿಯೋದ್ರಾಗ ಎಲ್ಲಾ ಮುಗದಿತ್ತು. ಮರು ವರ್ಷ ಅಂವನೂ ಸತ್ತ. ಕಲಬುರಗಿಯಿಂದ ಬೀದರ್‌ಗೆ ಈಗ ರೈಲೂ ಅದ, ಸೂಟಿ ದಿನ ಮುಂಜಾನೆ ಹೋಗಿ ಬರಬಹುದು.

ಒಂದು ಮಾತು ಗಂಭೀರವಾಗಿ ಕೇಳ್ರಿ. ನಾಕೈದು ದಿನದಾಗ ಹಗುರ ಆಗೋದು ಸಹಜ. ಆದ್ರ ವಾರಗಟ್ಟಲೆ ನಿದ್ದಿ ಇಲ್ಲ, ಊಟ ಸೇರಂಗಿಲ್ಲ, ಇಲ್ಲಾ ಆ ಸಾವು ನಿಮ್ಮ ಮನ್ಯಾಗ ಖರೇನೇ ಹೋದವ್ರನ್ನ ಎಬ್ಬಿಸಿ ಮುಂದ ನಿಲ್ಲಿಸ್ಯಾದ ಅಂದ್ರ ಅದು ಸೀರಿಯಲ್ಲಿನ ಮಾತಲ್ಲ, ಒಳಗ ಉಳದ ಹಳೇ ದುಃಖ ಅದು. ಆಗ ಹತ್ತಿರದವ್ರಿಗೆ ಹೇಳ್ರಿ, ಟೆಲಿ ಮಾನಸ್ ಅಂತ ಸರ್ಕಾರಿ ಸಹಾಯವಾಣಿ ಅದ, 14416, ಹಗಲು ರಾತ್ರಿ ಎತ್ತಾರ, ಕನ್ನಡದಾಗೇ ಮಾತಾಡಬಹುದು, ರೊಕ್ಕ ಇಲ್ಲ.

ಮುಂದಿನ ಎಪಿಸೋಡ್ ಯಾವಾಗ ಅಂತ ಕೇಳ್ತೀರಿ. ಆ ಹೆಸರು ಕೇಳಿದ್ರ ಹೊಟ್ಟಿ ಹಿಂಡೋದು ಕಮ್ಮಿ ಆದಾಗ, ಅದಕ್ಕಿಂತ ಮೊದಲು ಬ್ಯಾಡ. ಹಗಲಿಗೇ ನೋಡ್ರಿ, ಯಾಕಂದ್ರ ಮೂರನೇ ಸೀಸನ್ನಿನ ಹತ್ತನೇದು ಶುರು ಆಗೋದು ಅದೇ ರಾತ್ರಿ ಅದೇ ಕೋಟ್ಯಾಗ, ರಾಬ್‌ನ ಸಾಕಿದ ತೋಳಕ್ಕ ಏನ್ ಮಾಡಿದ್ರು ಅಂತ ಅಂವನ ತಂಗಿ ಆರ್ಯಾ ಕಣ್ಣಿಲೆ ನೋಡ್ತಾಳ, ಮೊದಲ ಕೆಲವು ನಿಮಿಷ ಭಾಳ ಕಷ್ಟ, ಬೇಕಂದ್ರ ಅಷ್ಟು ಮುಂದ ಓಡಿಸ್ರಿ. ಮತ್ತ ನಿಮ್ಮ ಗೆಳ್ಯಾರು ಯಾರರೆ ಈಗ ಎರಡನೇ ಸೀಸನ್ ನೋಡ್ಲಾಕತ್ತಿದ್ರ ಬಾಯಿ ಬಿಡಬ್ಯಾಡ್ರಿ, ಮುಖದ ಮ್ಯಾಲೂ ತೋರಿಸ್ಬ್ಯಾಡ್ರಿ, ಎಷ್ಟನೇ ಎಪಿಸೋಡಿಗೆ ಬಂದಾರ ಅಂತ ಅವಾಗವಾಗ ಕೇಳ್ಕೋತ ಇರ್ರಿ, ಮೂರನೇದರ ಎಂಟು ಮುಗೀತು ಅಂದ ದಿನ ನಿಮ್ಮ ಫೋನ್ ಸೈಲೆಂಟಿನಾಗ ಇಡ್ಬ್ಯಾಡ್ರಿ.