ಎಂ.ಫಿಲ್. ಮಾಡಿದ ಬಗೆ: ಕೆರೆಗಳು, ಅಹವಾಲುಗಳು, ದನಿಗಳು

ಮೈಸೂರು ಸಂಸ್ಥಾನದ ಕೆರೆ ನೀರಾವರಿಯ ಇತಿಹಾಸ ಬರೆಯಬೇಕೆಂಬ ಆಸೆಯಿಂದ ನಾನು ಇತಿಹಾಸ ವಿಭಾಗದಲ್ಲಿ ಎಂ.ಫಿಲ್.ಗೆ, ಅಂದರೆ ಎಂ.ಎ. ಆದ ಮೇಲೆ ಪಿಎಚ್.ಡಿ.ಗೆ ಮುನ್ನ ಮಾಡುತ್ತಿದ್ದ ಸಂಶೋಧನಾ ಪದವಿಗೆ, ಸೇರಿದೆ. ಮಾರ್ಗದರ್ಶಕರು ಬೇಡವೆನ್ನಲಿಲ್ಲ. "ಯಾವ ಆಕರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬಲ್ಲೆ, ಅದನ್ನು ಹೇಳು. ವಿಷಯ ಆಮೇಲೆ" ಎಂದರು. ಕೋರ್ಸ್‌ನ ಕನಿಷ್ಠ ಅವಧಿಯೇ ಎರಡು ಸೆಮಿಸ್ಟರ್. ಅದರಲ್ಲಿ ಮೊದಲನೆಯದು ಸಂಶೋಧನಾ ವಿಧಾನದ ತರಗತಿ, ಪರೀಕ್ಷೆಗಳಿಗೇ ಮೀಸಲು.

ನಾನು ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು, ಅಂದರೆ ಅಲ್ಲಿ ಸದಸ್ಯರು ಸರ್ಕಾರದ ಮುಂದಿಟ್ಟ ಅಹವಾಲುಗಳ, ಅವಕ್ಕೆ ಬಂದ ಉತ್ತರಗಳ ದಾಖಲೆಗಳನ್ನು, ಆರಿಸಿಕೊಂಡೆ. ದಿವಾನ್ ರಂಗಾಚಾರ್ಲು 1881ರ ದಸರಾ ವೇಳೆಗೆ ಕರೆದ ಮೊದಲ ಸಭೆಯಲ್ಲಿದ್ದವರು 144 ಸದಸ್ಯರು. ಅಲ್ಲಿಂದ 1901ರಲ್ಲಿ ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿ ಮುಗಿಯುವವರೆಗೆ ನನ್ನ ಕಾಲಮಿತಿ. ಪ್ರಶ್ನೆ ಒಂದೇ: ಕೆರೆಗಳ ಬಗ್ಗೆ ಸದಸ್ಯರು ಏನು ಕೇಳಿದರು, ಸರ್ಕಾರ ಏನು ಉತ್ತರಿಸಿತು?

ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕುಳಿತು ಒಂದು ಅಹವಾಲಿಗೆ ಒಂದು ಚೀಟಿಯಂತೆ ಬರೆದುಕೊಂಡೆ. ವರ್ಷ, ತಾಲ್ಲೂಕು, ಕೋರಿಕೆ, ಉತ್ತರ, ಪುಟಸಂಖ್ಯೆ. ಕೆರೆ ಎಂಬ ಮಾತು ಕಂಡಲ್ಲಿ ಮಾತ್ರ ನಿಲ್ಲದೆ ಅರಣ್ಯ, ಕಂದಾಯ, ರಸ್ತೆಗಳ ಅಹವಾಲುಗಳನ್ನೂ ಓದಿದೆ. ಪುಟಸಂಖ್ಯೆಯನ್ನು ಆ ಕ್ಷಣವೇ ಬರೆದಿಡುವುದನ್ನು ನಾನು ವ್ರತದಂತೆ ಪಾಲಿಸಿದೆ. ಅಡಿಟಿಪ್ಪಣಿಗಳಿಗಾಗಿ ಮತ್ತೆ ಬೆಂಗಳೂರಿಗೆ ಹೋಗುವ ಪ್ರಮೇಯ ಬರಲಿಲ್ಲ.

ಚೀಟಿಗಳನ್ನು ತಾಲ್ಲೂಕುವಾರು ಜೋಡಿಸಿದ ಮೇಲೆಯೇ ನಿಜವಾದ ಕೆಲಸ ಶುರುವಾದದ್ದು. "ಈ ವಾಕ್ಯ ಯಾರದು?" ಎಂದು ಮಾರ್ಗದರ್ಶಕರು ಪ್ರತಿ ಉಲ್ಲೇಖದ ಮುಂದೆಯೂ ಕೇಳುತ್ತಿದ್ದರು. ಸಭೆಗೆ ಬರುತ್ತಿದ್ದವರು ಮುಖ್ಯವಾಗಿ ಭೂಹಿಡುವಳಿದಾರರು, ವರ್ತಕರು. ಅವರ ಮಾತನ್ನು ನಡವಳಿಗೆ ಇಳಿಸಿದ್ದು ಸರ್ಕಾರ. ಹಾಗಿರುವಾಗ ಅದನ್ನು ರೈತರ ದನಿ ಎಂದು ಕರೆಯುವುದು ಹೇಗೆ? ಹೂಳೆತ್ತುತ್ತಿದ್ದ ಕೂಲಿಯವರು, ಅಚ್ಚುಕಟ್ಟಿನ ಗೇಣಿದಾರರು, ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಗಳು ಅಲ್ಲಿ ತಾವಾಗಿ ಮಾತನಾಡುವುದಿಲ್ಲ. ನನ್ನ ಸಂಪ್ರಬಂಧದ ಮೂರನೆಯ ಅಧ್ಯಾಯ ಹುಟ್ಟಿದ್ದು ಈ ಕೊರತೆಯಿಂದ. ಇಡೀ ಬರಹದಲ್ಲಿ ನನಗೆ ಹೆಚ್ಚು ಪ್ರಿಯವಾದದ್ದೂ ಅದೇ. ಮಾನವಿಕ ವಿಷಯಗಳಲ್ಲಿ ದತ್ತಾಂಶ ಸಂಗ್ರಹವೇ ಸಂಶೋಧನೆ ಎನ್ನುವವರ ಜೊತೆ ಅಂದಿನಿಂದ ನನಗೆ ತಕರಾರಿದೆ.

ಬರವಣಿಗೆ ಬೇಗ ಸಾಗಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ತಾಲ್ಲೂಕಿನ ಕಂದಾಯ ಅಧಿಕಾರಿಗಳಾಗಿದ್ದ ಅಮಲ್ದಾರರ ಕಡತಗಳನ್ನೇಕೆ ನೋಡಲಿಲ್ಲವೆಂದು ಕೇಳಿದರು. ಕಾಲಮಿತಿಯನ್ನೂ ಆಕರದ ಮಿತಿಯನ್ನೂ ಪೀಠಿಕೆಯಲ್ಲೇ ಸ್ಪಷ್ಟವಾಗಿ ಬರೆದಿದ್ದರಿಂದ ಉತ್ತರಿಸುವುದು ಕಷ್ಟವಾಗಲಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಎಂ.ಫಿಲ್. ಅನ್ನು ನಿಲ್ಲಿಸಿದೆ. ಪಿಎಚ್.ಡಿ.ಗೆ ಮುನ್ನ ಒಂದು ಸಣ್ಣ ಪ್ರಶ್ನೆಯ ಜೊತೆ ಬಾಳುವ ಆ ಅವಕಾಶ ಹೋದದ್ದು ನನಗೆ ನೋವಿನ ಸಂಗತಿ. ಈಗ ಉಳಿದಿರುವುದು ಎಂ.ಎ. ಕೊನೆಯ ಹಂತದ ಕಿರುಪ್ರಬಂಧ. ಅದನ್ನು ಬರೆಯಲಿರುವವರು ನನ್ನ ಬಳಿ ಬಂದಾಗ ನಾನು ಶೀರ್ಷಿಕೆ ಕೇಳುವುದಿಲ್ಲ, ಯಾವ ಪತ್ರಾಗಾರದಲ್ಲಿ ಏನು ಓದಿದ್ದೀರಿ ಎಂದು ಕೇಳುತ್ತೇನೆ.