ಮೊದಲು ಊಹೆ, ಆಮೇಲೆ ಪರದೆ: ಹತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ ಆನ್‌ಲೈನ್ ಸಾಧನಗಳು

ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ ಶಿಕ್ಷಕಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ನನ್ನ ಪಾಲಿನ ವಿಷಯಗಳು. ದಿನನಿತ್ಯದ ಪಾಠಕ್ಕೆ ನಮ್ಮಲ್ಲಿರುವುದು ಒಂದು ಸ್ಮಾರ್ಟ್ ಕ್ಲಾಸ್ ಕೊಠಡಿ, ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಮಧ್ಯಾಹ್ನದ ಹೊತ್ತಿಗೆ ನಿಧಾನವಾಗುವ ಇಂಟರ್ನೆಟ್ ಮತ್ತು ನನ್ನ ಸ್ವಂತ ಮೊಬೈಲ್. ಮಕ್ಕಳು ಶಾಲೆಗೆ ಮೊಬೈಲ್ ತರುವಂತಿಲ್ಲ, ತರಬೇಕೆಂದು ನಾನೂ ಬಯಸುವುದಿಲ್ಲ. ಇಷ್ಟೇ ಸೌಲಭ್ಯದಲ್ಲಿ ಕೆಲವು ವರ್ಷಗಳಿಂದ ಆನ್‌ಲೈನ್ ಸಾಧನಗಳನ್ನು ಬಳಸಿ ಹತ್ತನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಪರದೆಯ ಮೇಲೆ ಏನು ಕಾಣುತ್ತದೆ ಎನ್ನುವುದಕ್ಕಿಂತ, ಅದು ಕಾಣುವ ಮೊದಲು ಪ್ರತಿಯೊಂದು ಮಗುವೂ ತನ್ನ ಊಹೆಯನ್ನು ಹೇಳಿ ಅದಕ್ಕೆ ಬದ್ಧವಾಗಿದೆಯೇ ಎನ್ನುವುದೇ ಕಲಿಕೆಯನ್ನು ನಿರ್ಧರಿಸುತ್ತದೆ ಎಂಬುದು ಈ ಅವಧಿಯಲ್ಲಿ ನನಗೆ ಖಚಿತವಾಗಿರುವ ಸಂಗತಿ. ಆ ಕ್ರಮವನ್ನು ನಾನು ಹೇಗೆ ರೂಢಿಸಿಕೊಂಡೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಸ್ಮಾರ್ಟ್ ಕ್ಲಾಸ್ ಎಂದರೆ ನಮ್ಮ ಅನೇಕ ಶಾಲೆಗಳಲ್ಲಿ ವಿಡಿಯೊ ತೋರಿಸುವ ಕೊಠಡಿ ಎಂದೇ ಅರ್ಥ. 2017ರಲ್ಲಿ ಆರಂಭವಾದ, ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಿಂದಾಗಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾಠಕ್ಕೆ ಹೊಂದುವ ವಿಡಿಯೊ ಪಡೆಯುವುದು ಸುಲಭವಾಯಿತು, ಮತ್ತು ಮನೆಯಲ್ಲಿ ಪುನರಾವರ್ತನೆ ಮಾಡುವ ಮಕ್ಕಳಿಗೆ ಅದು ನಿಜಕ್ಕೂ ಉಪಯುಕ್ತ. ಆದರೆ ತರಗತಿಯಲ್ಲಿ ವಿಡಿಯೊ ಓಡುವಾಗ ಮಕ್ಕಳು ಶಾಂತವಾಗಿ ನೋಡುತ್ತಾರೆ, ಮುಗಿದಾಗ "ಅರ್ಥ ಆಯ್ತಾ?" ಎಂದರೆ ಒಕ್ಕೊರಲಿನಿಂದ "ಆಯ್ತು ಮಿಸ್" ಎನ್ನುತ್ತಾರೆ. ಆ ಒಕ್ಕೊರಲಿನಲ್ಲಿ ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎನ್ನುವುದು ಶಿಕ್ಷಕರಿಗೆ ಎಂದೂ ತಿಳಿಯುವುದಿಲ್ಲ. ಆದ್ದರಿಂದ ನಾನು ಹುಡುಕಿದ್ದು ಮಕ್ಕಳು ನೋಡುವ ಸಾಧನವನ್ನಲ್ಲ, ಮಕ್ಕಳು ಉತ್ತರಿಸುವ ಸಾಧನವನ್ನು.

ಹಾಗೆ ಸಿಕ್ಕಿದ್ದು ಪ್ಲಿಕರ್ಸ್ ಎಂಬ ಆ್ಯಪ್. ಇದರಲ್ಲಿ ಮಕ್ಕಳ ಕೈಯಲ್ಲಿ ಯಾವ ಯಂತ್ರವೂ ಇರುವುದಿಲ್ಲ, ಒಂದೊಂದು ಕಾಗದದ ಕಾರ್ಡು ಮಾತ್ರ ಇರುತ್ತದೆ. ಕ್ಯೂಆರ್ ಕೋಡನ್ನು ಹೋಲುವ ಕಪ್ಪು ಆಕೃತಿಯೊಂದು ಪ್ರತಿ ಕಾರ್ಡಿನ ಮೇಲೂ ಇದ್ದು, ಯಾವ ಎರಡು ಕಾರ್ಡುಗಳ ಆಕೃತಿಯೂ ಒಂದೇ ಆಗಿರುವುದಿಲ್ಲ. ಆಕೃತಿಯ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳು ಬಹಳ ಸಣ್ಣದಾಗಿ ಅಚ್ಚಾಗಿರುತ್ತವೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡನ್ನು ತಿರುಗಿಸಿ ಎತ್ತಿ ಹಿಡಿಯುತ್ತದೆ. ನಾನು ಮೊಬೈಲ್ ಕ್ಯಾಮೆರಾವನ್ನು ತರಗತಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಸರಿಸಿದರೆ ಎಲ್ಲರ ಉತ್ತರವೂ ದಾಖಲಾಗುತ್ತದೆ. ಪ್ರತಿ ಕಾರ್ಡಿನ ಆಕೃತಿಯೂ ಬೇರೆಯಾದ್ದರಿಂದ ಪಕ್ಕದವರ ಕಾರ್ಡು ನೋಡಿ ನಕಲು ಮಾಡಲು ಸಾಧ್ಯವಾಗುವುದಿಲ್ಲ. ಕೈ ಎತ್ತಿ ಉತ್ತರಿಸಲು ಎಂದೂ ಮುಂದಾಗದ ಹಿಂದಿನ ಬೆಂಚಿನ ಮಕ್ಕಳಿಗೆ ಈ ಮರೆ ಎಷ್ಟು ಧೈರ್ಯ ಕೊಡುತ್ತದೆ ಎನ್ನುವುದನ್ನು ಕಣ್ಣಾರೆ ಕಂಡೇ ನಂಬಬೇಕು.

ಕಾರ್ಡುಗಳ ವಿಷಯದಲ್ಲಿ ಎರಡು ಮೂರು ಮಾತುಗಳನ್ನು ಹೇಳಲೇಬೇಕು. ಜಾಲತಾಣದಿಂದ ಉಚಿತವಾಗಿ ಇಳಿಸಿಕೊಂಡು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದರೆ ಸಾಕು. ಹೊಳಪಿನ ಲ್ಯಾಮಿನೇಶನ್ ಮಾಡಿಸಿದರೆ ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾಕ್ಕೆ ಆಕೃತಿ ಕಾಣುವುದಿಲ್ಲ. ಮಕ್ಕಳ ಬೆರಳು ಆಕೃತಿಯನ್ನು ಮುಚ್ಚಬಾರದು, ಆದ್ದರಿಂದ ಅಂಚಿನಲ್ಲಷ್ಟೇ ಹಿಡಿಯುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಬೇಕು. ಆ್ಯಪ್‌ನಲ್ಲಿ ನಾನು ಮಕ್ಕಳ ಹೆಸರು ಬರೆಯುವುದಿಲ್ಲ, ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನಷ್ಟೇ ಬಳಸುತ್ತೇನೆ. ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಮಕ್ಕಳ ಹೆಸರನ್ನು ಎಲ್ಲೋ ಇರುವ ಸರ್ವರಿಗೆ ಕಳಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ ಪಡೆದ ಮೇಲೆ ಏನು ಮಾಡಬೇಕು ಎನ್ನುವುದನ್ನು ನಾನು ಕಲಿತದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಸಹಪಾಠಿ ಬೋಧನೆಯ ವಿಧಾನದಿಂದ. ಪ್ರಶ್ನೆ ಕೇಳಿ ಪ್ರತಿಯೊಬ್ಬರಿಂದಲೂ ಉತ್ತರ ಪಡೆಯುವುದು, ಸರಿಯುತ್ತರವನ್ನು ಹೇಳದೆಯೇ ಪಕ್ಕದವರೊಂದಿಗೆ ವಾದಿಸಲು ಬಿಡುವುದು, ಮತ್ತೆ ಉತ್ತರ ಪಡೆಯುವುದು, ಇದು ಅದರ ಸಾರ. ಮೊದಲ ಸುತ್ತಿನಲ್ಲಿ ಶೇ. 30ಕ್ಕಿಂತ ಕಡಿಮೆ ಮಕ್ಕಳು ಸರಿ ಹೇಳಿದ್ದರೆ ಪರಿಕಲ್ಪನೆಯನ್ನೇ ಮತ್ತೆ ವಿವರಿಸಬೇಕು, ಶೇ. 70 ದಾಟಿದ್ದರೆ ಚಿಕ್ಕದಾಗಿ ವಿವರಿಸಿ ಮುಂದಕ್ಕೆ ಹೋಗಬಹುದು. ಇವೆರಡರ ನಡುವೆ ಇದ್ದಾಗಲೇ ಚರ್ಚೆ ಫಲ ಕೊಡುತ್ತದೆ. ವಾದಿಸುವ ಹೊತ್ತಿನಲ್ಲಿ ನಾನು ಫಲಿತಾಂಶದ ಗ್ರಾಫನ್ನು ಪರದೆಯ ಮೇಲೆ ತೋರಿಸುವುದಿಲ್ಲ, ಏಕೆಂದರೆ ಉದ್ದನೆಯ ಕಂಬ ಯಾವುದೆಂದು ಕಂಡೊಡನೆ ಮಕ್ಕಳು ಯೋಚಿಸುವುದನ್ನು ಬಿಟ್ಟು ಬಹುಮತದ ಕಡೆ ವಾಲುತ್ತಾರೆ.

ವಿದ್ಯುಚ್ಛಕ್ತಿಯ ಅಧ್ಯಾಯದಲ್ಲಿ ನಾನು ಪ್ರತಿ ವರ್ಷ ಕೇಳುವ ಪ್ರಶ್ನೆಯೊಂದಿದೆ. ಒಂದೇ ಬಗೆಯ ಎರಡು ಬಲ್ಬುಗಳನ್ನು ಬ್ಯಾಟರಿಗೆ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಿಸುತ್ತದೆ? ಬ್ಯಾಟರಿಯ ಧನ ತುದಿಗೆ ಹತ್ತಿರವಿರುವುದು, ಋಣ ತುದಿಗೆ ಹತ್ತಿರವಿರುವುದು, ಎರಡೂ ಸಮ, ಎರಡೂ ಬೆಳಗುವುದಿಲ್ಲ ಎಂಬ ನಾಲ್ಕು ಆಯ್ಕೆಗಳನ್ನು ಕೊಡುತ್ತೇನೆ. ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲೆಡೆ ಸಮ ಎಂಬ ವಾಕ್ಯವನ್ನು ಹಿಂದಿನ ದಿನವೇ ಬರೆದುಕೊಂಡಿರುವ ಮಕ್ಕಳು ಕೂಡ ದೊಡ್ಡ ಸಂಖ್ಯೆಯಲ್ಲಿ ಮೊದಲನೆಯ ಆಯ್ಕೆಯನ್ನೇ ಎತ್ತಿ ಹಿಡಿಯುತ್ತಾರೆ. ಪ್ರವಾಹವು ಮೊದಲ ಬಲ್ಬಿನಲ್ಲಿ ಒಂದಿಷ್ಟು ಖರ್ಚಾಗಿ ಮುಂದಿನದಕ್ಕೆ ಕಡಿಮೆ ಹೋಗುತ್ತದೆ ಎಂಬ ಈ ಕಲ್ಪನೆ ನಮ್ಮ ಮಕ್ಕಳದ್ದಷ್ಟೇ ಅಲ್ಲ, ಬೇರೆ ದೇಶಗಳ ತರಗತಿಗಳಲ್ಲೂ ಕಂಡುಬಂದಿರುವಂಥದು.

ಒಂದು ವರ್ಷ ಚರ್ಚೆಗೆ ಬಿಟ್ಟಾಗ ಹುಡುಗನೊಬ್ಬ ತನ್ನ ಉತ್ತರವನ್ನು ಹೀಗೆ ಸಮರ್ಥಿಸಿಕೊಂಡ: "ನಮ್ ತೋಟದಲ್ಲಿ ಡ್ರಿಪ್ ಪೈಪಿನ ಮೊದಲನೇ ತೂತಲ್ಲಿ ನೀರು ಜೋರಾಗಿ ಬರುತ್ತೆ, ಕೊನೇ ಗಿಡಕ್ಕೆ ಹೋಗೋ ಹೊತ್ತಿಗೆ ಕಮ್ಮಿ ಆಗುತ್ತೆ. ಇದೂ ಹಂಗೇ." ಹನಿ ನೀರಾವರಿಯನ್ನು ದಿನವೂ ನೋಡುವವನ ಈ ತರ್ಕದಲ್ಲಿ ಯಾವ ಕೊರತೆಯೂ ಇರಲಿಲ್ಲ, ಅಕ್ಕಪಕ್ಕದವರು ತಲೆಯಾಡಿಸಿದರು. ಅದಕ್ಕೆ ಎದುರಿನ ಸಾಲಿನ ಹುಡುಗಿ ಕೇಳಿದಳು: "ಡ್ರಿಪ್ಪಲ್ಲಿ ನೀರು ಆಚೆ ಬೀಳುತ್ತಲ್ಲ ಕಣೋ. ಕರೆಂಟ್ ಬಲ್ಬಲ್ಲೇ ಖಾಲಿ ಆಗೋದಾದ್ರೆ ಇನ್ನೊಂದು ತಂತಿ ವಾಪಸ್ ಬ್ಯಾಟರಿಗೆ ಯಾಕೆ ಹೋಗಬೇಕು?" ನಾನು ಹೇಳಬೇಕೆಂದುಕೊಂಡಿದ್ದ ವಿವರಣೆಗಿಂತ ಆ ಪ್ರಶ್ನೆಯೇ ಸ್ಪಷ್ಟವಾಗಿತ್ತು. ಎರಡನೇ ಸುತ್ತಿನಲ್ಲಿ ಕಾರ್ಡು ಎತ್ತಿದಾಗ ಬಹಳಷ್ಟು ಮಕ್ಕಳ ಉತ್ತರ ಬದಲಾಗಿತ್ತು, ಆ ಹುಡುಗನದು ಬದಲಾಗಿರಲಿಲ್ಲ. ಅವನು ತನ್ನ ಮಾತಿಗೆ ಅಂಟಿಕೊಂಡದ್ದು ನನಗೆ ಮೆಚ್ಚುಗೆಯಾಯಿತು, ಏಕೆಂದರೆ ಪರೀಕ್ಷಿಸಿ ನೋಡುವ ಅಗತ್ಯ ಆಗ ಇಡೀ ತರಗತಿಗೆ ಇತ್ತು.

ಪರದೆಗೆ ಕೆಲಸ ಬರುವುದು ಈ ಹಂತದಲ್ಲಿ. ಫೆಟ್ (PhET) ಎಂದು ಕರೆಯಲಾಗುವ ಸಿಮ್ಯುಲೇಶನ್‌ಗಳನ್ನು, ಅಂದರೆ ಪರದೆಯ ಮೇಲೆ ನಾವೇ ಮಾಡಿ ನೋಡಬಹುದಾದ ಅನುಕರಣ ಪ್ರಯೋಗಗಳನ್ನು, ನಾನು ಬಳಸುತ್ತೇನೆ. ಇದನ್ನು 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಕಾರ್ಲ್ ವೈಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನಲ್ಲಿ ಆರಂಭಿಸಿದರು. ಎಲ್ಲವೂ ಉಚಿತ, ಮತ್ತು ಬ್ರೌಸರ್‌ನಲ್ಲಿ ಓಡುವ ಸಿಮ್ಯುಲೇಶನ್‌ಗಳನ್ನು ಒಂದೊಂದು ಫೈಲ್ ಆಗಿ ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತವೆ. ನನ್ನಂಥವರಿಗೆ ಈ ಕೊನೆಯ ಗುಣವೇ ಎಲ್ಲಕ್ಕಿಂತ ದೊಡ್ಡದು. ವಿದ್ಯುನ್ಮಂಡಲ ಕಟ್ಟುವ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿ, ಬಲ್ಬು, ತಂತಿಗಳನ್ನು ಎಳೆದು ಜೋಡಿಸಬಹುದು, ತಂತಿಯೊಳಗೆ ಎಲೆಕ್ಟ್ರಾನುಗಳು ಚಲಿಸುವುದು ಕಾಣುತ್ತದೆ, ಬೇಕಾದ ಕಡೆ ಪ್ರವಾಹ ಅಳೆಯುವ ಅಮ್ಮೀಟರ್ ಇಡಬಹುದು. ಮಂಡಲವನ್ನು ನಾನು ಕಟ್ಟುವುದಿಲ್ಲ. ಮೌಸನ್ನು ಮಕ್ಕಳ ಕೈಗೆ ಕೊಡುತ್ತೇನೆ, ಅದರಲ್ಲೂ ತಪ್ಪು ಊಹೆಯನ್ನು ಚೆನ್ನಾಗಿ ವಾದಿಸಿದವರಿಗೆ ಮೊದಲು. ಆ ಹುಡುಗನೇ ಬಂದು ಮೊದಲ ಬಲ್ಬಿನ ಮುಂದೆ, ಎರಡು ಬಲ್ಬುಗಳ ನಡುವೆ, ಎರಡನೆಯ ಬಲ್ಬಿನ ನಂತರ ಅಮ್ಮೀಟರ್ ಇಟ್ಟು ನೋಡಿದ. ಮೂರೂ ಕಡೆ ಒಂದೇ ಅಳತೆ ಬಂತು. ಆಮೇಲೆ ಯಾರೂ ಹೇಳದೆಯೇ ಬ್ಯಾಟರಿಯನ್ನು ತಿರುಗಿಸಿ ಜೋಡಿಸಿ ಮತ್ತೆ ಅಳೆದ.

ಇಷ್ಟಕ್ಕೆ ಪಾಠ ಮುಗಿಯಬಾರದು ಎನ್ನುವುದು ನನ್ನ ದೃಢ ಅಭಿಪ್ರಾಯ. ಪರದೆಯ ಮೇಲಿನ ಬಲ್ಬುಗಳು ಪೂರ್ತಿ ಸಮಾನವಾಗಿರುತ್ತವೆ, ಅಂಗಡಿಯಿಂದ ತಂದ ಟಾರ್ಚಿನ ಬಲ್ಬುಗಳು ಹಾಗಿರುವುದಿಲ್ಲ. ನಿಜವಾದ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದಾಗ ಒಂದು ತುಸು ಹೆಚ್ಚು ಬೆಳಗುವುದುಂಟು, ಅದು ಧನ ತುದಿಯ ಕಡೆಯದ್ದೇ ಆಗಿಬಿಟ್ಟರೆ ಮಕ್ಕಳ ಹಳೆಯ ನಂಬಿಕೆ ಮತ್ತಷ್ಟು ಗಟ್ಟಿಯಾಗುತ್ತದೆ. ಈ ಕಾರಣಕ್ಕೆ ಸಿಮ್ಯುಲೇಶನ್ ಮೊದಲು, ನಿಜವಾದ ಮಂಡಲ ಆಮೇಲೆ ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ, ಮತ್ತು ನಿಜವಾದ ಬಲ್ಬುಗಳಲ್ಲಿ ವ್ಯತ್ಯಾಸ ಕಂಡಾಗ ಎರಡರ ಸ್ಥಾನವನ್ನು ಅದಲುಬದಲು ಮಾಡಿಸುತ್ತೇನೆ. ಹೆಚ್ಚಿನ ಬೆಳಕು ಬಲ್ಬಿನ ಜೊತೆಗೇ ಹೋಗುತ್ತದೆಯೋ ಅಥವಾ ಸ್ಥಾನದಲ್ಲೇ ಉಳಿಯುತ್ತದೆಯೋ ಎಂದು ನೋಡಿದರೆ ಕಾರಣ ಬಲ್ಬಿನದೋ ಮಂಡಲದ್ದೋ ಎನ್ನುವುದು ಮಕ್ಕಳಿಗೇ ಹೊಳೆಯುತ್ತದೆ. ಹಾಗೆಯೇ ಸಮಾಂತರ ಜೋಡಣೆಯಲ್ಲಿ ಬಲ್ಬುಗಳನ್ನು ಸೇರಿಸುತ್ತಾ ಹೋದರೆ ಪರದೆಯಲ್ಲಿ ಯಾವುದರ ಬೆಳಕೂ ಕುಗ್ಗುವುದಿಲ್ಲ, ಮೇಜಿನ ಮೇಲೆ ಸ್ವಲ್ಪ ಕುಗ್ಗುತ್ತದೆ; ಏಕೆಂದರೆ ನಿಜವಾದ ಶುಷ್ಕಕೋಶಕ್ಕೆ ಪ್ರವಾಹಕ್ಕೆ ಅಡ್ಡಿಯಾಗುವ ತನ್ನದೇ ಆದ ಆಂತರಿಕ ರೋಧ ಇರುತ್ತದೆ. ಸಿಮ್ಯುಲೇಶನ್‌ನಲ್ಲಿ ಬ್ಯಾಟರಿಯ ರೋಧವನ್ನು ಹೆಚ್ಚಿಸುವ ಆಯ್ಕೆಯೂ ಇದೆ, ಅದನ್ನು ಸರಿಸಿದಾಗ ಪರದೆಯ ಬಲ್ಬುಗಳೂ ಮೇಜಿನ ಬಲ್ಬುಗಳಂತೆಯೇ ಮಂಕಾಗುತ್ತವೆ. ಹತ್ತನೇ ತರಗತಿಯ ಪರೀಕ್ಷೆಗೆ ಇದು ಬೇಕಿಲ್ಲವಾದರೂ, ಕಂಡದ್ದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ನಡುವಿನ ಅಂತರವನ್ನು ಕೇಳಿದ ಮಗುವಿಗೆ ಉತ್ತರ ಕೊಡದೆ ಇರುವುದು ನ್ಯಾಯವಲ್ಲ.

ಬೆಳಕಿನ ಅಧ್ಯಾಯದಲ್ಲೂ ಇದೇ ಕ್ರಮ. ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪೂರ್ಣ ಪ್ರತಿಬಿಂಬ ಉಂಟಾಗುತ್ತದೆಯೇ ಎಂಬುದು ಪಠ್ಯಪುಸ್ತಕದ ಅಭ್ಯಾಸದಲ್ಲೇ ಇರುವ ಪ್ರಶ್ನೆ; ಅರ್ಧ ಪ್ರತಿಬಿಂಬ ಬರುತ್ತದೆ ಎಂದು ಕಾರ್ಡು ಎತ್ತುವವರೇ ಹೆಚ್ಚು. ಫೆಟ್‌ನ ಮಸೂರದ ಸಿಮ್ಯುಲೇಶನ್‌ನಲ್ಲಿ ಮಸೂರದ ವ್ಯಾಸವನ್ನು ಕಡಿಮೆ ಮಾಡಿದರೂ ಪ್ರತಿಬಿಂಬದ ಸ್ಥಾನ, ಗಾತ್ರಗಳು ಬದಲಾಗುವುದಿಲ್ಲ ಎನ್ನುವುದನ್ನು ನೋಡಿ, ಆಮೇಲೆ ಪ್ರಯೋಗಾಲಯದ ಮಸೂರದಿಂದ ಕಿಟಕಿಯ ಪ್ರತಿಬಿಂಬವನ್ನು ಎದುರು ಗೋಡೆಯ ಮೇಲೆ ಹಿಡಿದು, ಮಸೂರದ ಅರ್ಧಕ್ಕೆ ಕಾಗದ ಅಡ್ಡ ಇಡುತ್ತೇವೆ. ಕಿಟಕಿ ಪೂರ್ತಿಯಾಗಿಯೇ ಇರುತ್ತದೆ, ಬೆಳಕು ಮಾತ್ರ ಕಡಿಮೆಯಾಗುತ್ತದೆ. ವಸ್ತುವಿನ ಆರು ಸ್ಥಾನಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಬದಲು, ವಸ್ತುವನ್ನು ಎಳೆದು ಎರಡು ಸಂಗಮ ದೂರದ ಆಚೆಯಿಂದ ಪ್ರಧಾನ ಸಂಗಮದ ಒಳಗೆ ತರುವಾಗ ಗೋಡೆಯ ಮೇಲೆ ಹಿಡಿಯಬಹುದಾದ ಸತ್ಯ ಪ್ರತಿಬಿಂಬವು ದೂರ ಸರಿದು, ಇಲ್ಲವಾಗಿ, ಹಾಗೆ ಹಿಡಿಯಲಾಗದ ಮಿಥ್ಯ ಪ್ರತಿಬಿಂಬವಾಗಿ ಈಚೆ ಬದಿಗೆ ಬರುವುದನ್ನು ನೋಡಿದ ಮಕ್ಕಳು ರೇಖಾಚಿತ್ರವನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಬರೆಯುವ ಅಭ್ಯಾಸ ಮಾತ್ರ ಸ್ಕೇಲು, ಪೆನ್ಸಿಲ್ಲುಗಳಲ್ಲೇ ಆಗಬೇಕು.

ರಸಪ್ರಶ್ನೆಯ ಆಟಗಳ ಬಗ್ಗೆ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ. ಬೇಗ ಉತ್ತರಿಸಿದಷ್ಟೂ ಹೆಚ್ಚು ಅಂಕ ಕೊಡುವ ಆಟಗಳಲ್ಲಿ ತರಗತಿ ಬಹಳ ಉತ್ಸಾಹದಿಂದ ಇರುತ್ತದೆ ನಿಜ. ಆದರೆ ಅಲ್ಲಿ ಗೆಲ್ಲುವುದು ವೇಗವಾಗಿ ಓದುವ ಮಗು, ಚೆನ್ನಾಗಿ ಯೋಚಿಸುವ ಮಗು ಅಲ್ಲ. ಪ್ರಶ್ನೆಯನ್ನು ಎರಡು ಸಲ ಓದಿ ಅರ್ಥಮಾಡಿಕೊಳ್ಳಬೇಕಾದ ಮಕ್ಕಳು ಕೆಲವೇ ಪ್ರಶ್ನೆಗಳಲ್ಲಿ ಪಟ್ಟಿಯ ಕೆಳಗೆ ಇಳಿದು, ಮುಂದೆ ಯಾವುದೋ ಒಂದನ್ನು ಒತ್ತಿ ಸುಮ್ಮನಾಗುತ್ತಾರೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಈಗ ವೇಗ್ರೌಂಡ್ ಎಂಬ ಹೆಸರಿನಲ್ಲಿರುವ ಕ್ವಿಜಿಜ್‌ನಲ್ಲಿ ಸಮಯದ ಮಿತಿಯನ್ನೂ ಅಂಕಪಟ್ಟಿಯನ್ನೂ ತೆಗೆದಿಡಬಹುದು. ಘಟಕ ಮುಗಿದ ಮೇಲೆ ಕಂಪ್ಯೂಟರ್ ಕೊಠಡಿಯಲ್ಲಿ ಒಂದೊಂದು ಯಂತ್ರಕ್ಕೆ ಮೂವರನ್ನು ಕೂರಿಸಿ ನಾನು ಅದನ್ನು ಹಾಗೆಯೇ ಬಳಸುತ್ತೇನೆ. ಮನೆಯಲ್ಲಿ ಮೊಬೈಲ್ ಬೇಕಾಗುವ ಯಾವ ಕೆಲಸವನ್ನೂ ಕಡ್ಡಾಯವಾಗಿ ಕೊಡುವುದಿಲ್ಲ. ಅಪ್ಪ ರಾತ್ರಿ ಕೆಲಸದಿಂದ ಬಂದ ಮೇಲಷ್ಟೇ ಮೊಬೈಲ್ ಮುಟ್ಟಲು ಸಿಗುವ ಮಕ್ಕಳು ನನ್ನ ತರಗತಿಯಲ್ಲಿ ಇದ್ದಾರೆ.

ವಿದ್ಯುತ್ ಹೋದರೆ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಕಾರ್ಡುಗಳಿಗೂ ಮೊಬೈಲಿಗೂ ಪ್ರೊಜೆಕ್ಟರ್ ಬೇಕಿಲ್ಲ. ರಸಾಯನಶಾಸ್ತ್ರದಲ್ಲಿ ನಾನು ಸಿಮ್ಯುಲೇಶನ್ ಬಳಸುವುದು ಕಣ್ಣಿಗೆ ಕಾಣದ ಸಂಗತಿಗಳಿಗೆ ಮಾತ್ರ, ಉದಾಹರಣೆಗೆ ಸಮೀಕರಣ ಸರಿದೂಗಿಸುವಾಗ ಪರಮಾಣುಗಳ ಲೆಕ್ಕ ಇಡಲು. ಮೆಗ್ನೀಸಿಯಂ ಪಟ್ಟಿ ಉರಿಯುವುದನ್ನು ಪರದೆಯ ಮೇಲೆ ತೋರಿಸಲು ನನಗೆ ಮನಸ್ಸಿಲ್ಲ. ಆ ಬಿಳಿಯ ಬೆಳಕನ್ನು, ಉಳಿಯುವ ಪುಡಿಯನ್ನು ಮಕ್ಕಳು ತಮ್ಮ ಕಣ್ಣಿನಿಂದಲೇ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಪ್ರಶ್ನೆ ಬರೆಯುವ ಕೆಲಸ. ತಪ್ಪು ಆಯ್ಕೆಗಳನ್ನು ನಾನು ಕಲ್ಪಿಸಿ ಬರೆಯುವುದಿಲ್ಲ, ಹಿಂದಿನ ವರ್ಷದ ಮಕ್ಕಳ ಉತ್ತರ ಪತ್ರಿಕೆಗಳಿಂದಲೂ ತರಗತಿಯ ವಾದಗಳಿಂದಲೂ ಆರಿಸಿಕೊಳ್ಳುತ್ತೇನೆ. ಯಾರೂ ನಂಬದ ಆಯ್ಕೆಯಿಂದ ಪ್ರಯೋಜನವಿಲ್ಲ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಚರ್ಚೆಗೆ ಮೊದಲು ಮತ್ತು ನಂತರ ಶೇಕಡ ಎಷ್ಟು ಮಂದಿ ಸರಿ ಹೇಳಿದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊದಲ ಸುತ್ತಿನಲ್ಲೇ ಬಹುತೇಕ ಎಲ್ಲರೂ ಸರಿ ಹೇಳುವ ಪ್ರಶ್ನೆಯನ್ನು ಮುಂದಿನ ವರ್ಷಕ್ಕೆ ಕೈಬಿಡುತ್ತೇನೆ. ಚರ್ಚೆಯಾದ ಮೇಲೂ ಅಂಕಿ ಏರದ ಪ್ರಶ್ನೆಯಿದ್ದರೆ ಮೊದಲು ಅದರ ವಾಕ್ಯವನ್ನು ತಿದ್ದುತ್ತೇನೆ, ಆಗಲೂ ಏರದಿದ್ದರೆ ಆ ಪಾಠವನ್ನು ಬೋಧಿಸುವ ಕ್ರಮವನ್ನೇ ಬದಲಿಸುತ್ತೇನೆ. ಈಗ ನಮ್ಮ ಸುತ್ತಲಿನ ಇನ್ನೂ ಕೆಲವು ಶಾಲೆಗಳ ವಿಜ್ಞಾನ ಶಿಕ್ಷಕರು ತಮ್ಮ ಪ್ರಶ್ನೆಗಳನ್ನೂ ಇದೇ ರೀತಿ ಅಂಕಿಗಳ ಸಹಿತ ಕಳಿಸುತ್ತಿದ್ದಾರೆ. ಡ್ರಿಪ್ ಪೈಪಿನ ವಾದವನ್ನು ಸರಣಿ ಜೋಡಣೆಯ ಪ್ರಶ್ನೆಯ ಎರಡನೇ ಭಾಗವಾಗಿ ಸೇರಿಸಿ, ಅದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಕೇಳುವ ಹೊಸ ಪ್ರಶ್ನೆಯನ್ನು ಈ ವರ್ಷ ಎಲ್ಲರೂ ತಮ್ಮ ತಮ್ಮ ತರಗತಿಗಳಲ್ಲಿ ಕೇಳಲಿದ್ದೇವೆ.