ಆಲ್ಟ್-ಶಿಫ್ಟ್ ಬಿಟ್ಟೆ, ತೆಲುಗು ಕಾರ್ಡ್ ಉಳಿಯಿತು

ಚಿಕ್ಕಪೇಟೆ ಹತ್ತಿರ ನನ್ನ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚಿಗೆ ಪೇಜ್ ತಯಾರಿಸೋ ಕೆಲಸ. ಮದುವೆ ಸೀಸನ್‌ನಲ್ಲಿ ಒಂದೇ ಕಾರ್ಡಿಗೆ ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬೇಕು. ಕೆಲವರಿಗೆ ತಮಿಳು, ಹಿಂದಿಯೂ.

ಹತ್ತು ಹನ್ನೆರಡು ವರ್ಷ ಕನ್ನಡ ಟೈಪಿಂಗಿನ ಕೆ.ಪಿ. ರಾವ್ ಕೀಲಿಮಣೆ ಲೇಔಟ್‌ನಲ್ಲೇ ಕೈ ಪಳಗಿತ್ತು. ಆದರೆ ತೆಲುಗಿಗೊಂದು, ಹಿಂದಿಗೊಂದು ಲೇಔಟ್ ಯಾರು ನೆನಪಿಟ್ಟುಕೊಳ್ಳೋದು? ಎಲ್ಲಕ್ಕೂ ಇನ್‌ಸ್ಕ್ರಿಪ್ಟ್‌ಗೆ ಹೋದೆ, ಭಾರತದ ಭಾಷೆಗಳಿಗೆಲ್ಲ ಒಂದೇ ಥರ ಕೀಲಿ ಜೋಡಿಸಿದ ಲೇಔಟ್ ಅದು. ಕೆ ಒತ್ತಿದರೆ ಕನ್ನಡದಲ್ಲೂ ಕ, ತೆಲುಗಲ್ಲೂ ಕ. ಪಕ್ಕದ ಪ್ರೆಸ್ಸಿನವರು ನಕ್ಕರು: "ಈ ವಯಸ್ಸಲ್ಲಿ ಬೆರಳು ತಿರುಗುತ್ತಾ ಸಾರ್?"

ಮೊದಲ ತಿಂಗಳು ನಗೋ ಹಾಗೇ ಇತ್ತು. ಒತ್ತಕ್ಷರಕ್ಕೆ ಡಿ ಒತ್ತಬೇಕು, ಬೆರಳು ಹಳೇ ಎಫ್‌ಗೇ ಓಡುತ್ತಿತ್ತು. ಅಲ್ಲಿರೋದು ಗುಡಿಸು. 'ಅಮ್ಮ' ಹೋಗಿ 'ಅಮಿಮ'. ಎಸ್‌ಪಿ ರೋಡಿನಿಂದ ನೂರು ರೂಪಾಯಿ ಚಿಲ್ಲರೆ ಕೊಟ್ಟು ಅಕ್ಷರದ ಸ್ಟಿಕ್ಕರ್ ತಂದೆ. ಎರಡೇ ವಾರಕ್ಕೆ ಎದ್ದು ಬಂದವು. ತಮಿಳಿಗೆ ಅದರದೇ ಲೇಔಟ್ ತಮಿಳು 99 ಕೂಡ ನೋಡಿದೆ. ಕನ್ನಡದ ಕೈಯೂ ಕೆಟ್ಟಿತು, ಬಿಟ್ಟೆ.

ನಿಜವಾದ ಹೊಡೆತ ಆಮೇಲೆ ಬಿತ್ತು. ಆಲ್ಟ್-ಶಿಫ್ಟ್ ಒತ್ತುತ್ತಾ ಭಾಷೆ ಸುತ್ತಿಸುವಾಗ ಲೆಕ್ಕ ತಪ್ಪಿ, ಹೆಣ್ಣಿನ ಕಡೆಯವರ ತೆಲುಗು ಹೆಸರುಗಳಲ್ಲಿ ಅರ್ಧ ಕನ್ನಡದಲ್ಲೇ ಹೊಡೆದಿದ್ದೆ. ಕೀಲಿ ಒಂದೇ, ಲಿಪಿಯೂ ಅಕ್ಕತಂಗಿ. ಸಣ್ಣ ಅಕ್ಷರದಲ್ಲಿ ಪ್ರೂಫ್ ನೋಡಿದವರಿಗೂ ಗೊತ್ತಾಗಲಿಲ್ಲ. ಹುಡುಗಿಯ ಅಜ್ಜ ಕಂಡುಹಿಡಿದರು! ನಾನೂರು ಕಾರ್ಡ್ ಮತ್ತೆ ಪ್ರಿಂಟ್, ಕೈಯಿಂದ ಆರೇಳು ಸಾವಿರ ಹೋಯಿತು.

ಆವತ್ತು ರಾತ್ರಿಯೇ ಸುತ್ತಿಸೋ ಆಟ ನಿಲ್ಲಿಸಿದೆ. ವಿಂಡೋಸ್‌ನ ಹಾಟ್ ಕೀ ಪಟ್ಟಿಯಲ್ಲಿ ಬರೀ ಆಲ್ಟ್-ಶಿಫ್ಟ್ ತೆಗೆದುಹಾಕಿ, ಒಂದೊಂದು ಭಾಷೆಗೆ ಒಂದೊಂದು ಅಂಕಿ ಕೊಟ್ಟೆ. ಎಡ ಆಲ್ಟ್-ಶಿಫ್ಟ್ ಜೊತೆ 1 ಇಂಗ್ಲಿಷ್, 2 ಕನ್ನಡ, 3 ತೆಲುಗು, 4 ತಮಿಳು, 5 ಹಿಂದಿ. ಮೊದಲು ಕಂಟ್ರೋಲ್-ಶಿಫ್ಟ್ ಇಟ್ಟಿದ್ದೆ, ಪೇಜ್ ಮಾಡೋ ಸಾಫ್ಟ್‌ವೇರಿನ ಶಾರ್ಟ್‌ಕಟ್‌ಗಳಿಗೆ ಡಿಕ್ಕಿ ಹೊಡೆಯಿತು. ಪ್ರತಿ ವಿಂಡೋಗೆ ಬೇರೆ ಭಾಷೆ ನೆನಪಿಟ್ಟುಕೊಳ್ಳುವ ಸೆಟ್ಟಿಂಗನ್ನೂ ಆಫ್ ಮಾಡಿದೆ. ಅದು ಸಹಾಯಕ್ಕಿಂತ ಗೊಂದಲವೇ ಜಾಸ್ತಿ. ಈಗ ಯಾವ ಭಾಷೆಯಲ್ಲಿದ್ದೇನೆ ಅಂತ ಯೋಚಿಸೋದೇ ಬೇಡ, ಬೇಕಾದ ಅಂಕಿ ಒತ್ತಿದರೆ ಆಯ್ತು.

ಜೊತೆಗೆ ತೆಲುಗಿಗೆ ಕನ್ನಡ ಅಕ್ಷರವೇ ಇಲ್ಲದ ಫಾಂಟ್ ಹಾಕುತ್ತೇನೆ. ತಪ್ಪಿದರೆ ಪೇಜಿನಲ್ಲಿ ಅಕ್ಷರದ ಜಾಗದಲ್ಲಿ ಡಬ್ಬಿ ಬಂದು ಕೂರುತ್ತದೆ. ಯಾವ ಫಾಂಟ್ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಎರಡು ಸೀಸನ್ ಆಯ್ತು, ಭಾಷೆ ತಪ್ಪಿ ಒಂದು ಕಾರ್ಡೂ ವಾಪಸ್ ಬಂದಿಲ್ಲ. ನಕ್ಕ ಪ್ರೆಸ್ಸಿನವರು ಹೋದ ವಾರ ತಮ್ಮ ಹುಡುಗನನ್ನು ಕಲಿಯೋಕೆ ಕಳಿಸಿದ್ದರು. ಫಾಂಟ್ ಹೆಸರು ಅವನಿಗೂ ಹೇಳಿಲ್ಲ.